ನೀರ ಮೇಲಿನ ಹಸಿರು ಯಾವುದು? ಅಜೋಲಾ, ಲೆಮ್ನಾ, ವೊಲ್ಫಿಯಾ ಗುರುತು ಸಿಗದಿದ್ದಾಗ ನೋಡಬೇಕಾದ್ದು

ಮೇವಿಗೆಂದು ಅಜೋಲಾ ತೊಟ್ಟಿ ಮಾಡಿದವರು, ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರು, ಸಸ್ಯಶಾಸ್ತ್ರ ಓದುವ ಹುಡುಗ ಹುಡುಗಿಯರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ. ನೀರ ಮೇಲೆ ಸಣ್ಣಗೆ ಹಸಿರು ತೇಲುತ್ತಿದೆ, ಇದು ಯಾವ ಗಿಡ? ಜೊತೆಗೆ ಮೇಲಿಂದ ತೆಗೆದ ಒಂದು ಫೋಟೋ ಕಳಿಸುತ್ತಾರೆ. ಅದರಲ್ಲಿ ಹಸಿರು ಬಿಟ್ಟು ಬೇರೇನೂ ಕಾಣುವುದಿಲ್ಲ.

ಗುರುತು ತಪ್ಪುವುದು ಇಲ್ಲೇ. ಈ ಗಿಡಗಳ ಬಣ್ಣ ಬಿಸಿಲಿಗೆ ತಕ್ಕಂತೆ ಬದಲಾಗುತ್ತದೆ, ಗಾತ್ರ ನೀರಿನ ಸಾರಕ್ಕೆ ತಕ್ಕಂತೆ ಬದಲಾಗುತ್ತದೆ. ಹುಬ್ಬಳ್ಳಿಯ ಉಣಕಲ್ ಕೆರೆಯ ಅಂಚಿನಲ್ಲಿ ದೊಡ್ಡದಾಗಿ ಬೆಳೆದ ಗಿಡವನ್ನೇ ತಂದು ಬರೀ ಬೋರ್‌ವೆಲ್ ನೀರಿಗೆ ಹಾಕಿದರೆ ಕೆಲವೇ ವಾರಗಳಲ್ಲಿ ಅದರ ಹೊಸ ಮರಿಗಳು ಸಣ್ಣಗಾಗಿ, ಬಿಳಿಚಿಕೊಂಡು ಕಾಣಬಹುದು. ಜಾತಿ ಬದಲಾಗಿಲ್ಲ, ಊಟ ಕಡಿಮೆಯಾಗಿದೆ ಅಷ್ಟೇ. ಬದಲಾಗದ ಗುರುತುಗಳು ಹೆಚ್ಚಾಗಿ ಗಿಡದ ಅಡಿಯಲ್ಲಿ ಇರುತ್ತವೆ. ಹಾಗಾಗಿ ಮೊದಲ ಕೆಲಸ ಯಾವಾಗಲೂ ಒಂದೇ: ಗಿಡವನ್ನು ಮಗುಚಿ ನೋಡಿ.

ಬೇಕಾಗುವ ಸಾಮಾನು ಮನೆಯಲ್ಲೇ ಇದೆ. ಬಿಳಿ ತಟ್ಟೆ, ಚಹಾ ಸೋಸುವ ಜರಡಿ, ಗಾಜಿನ ಲೋಟ, ಉದ್ದನೆಯ ಕಡ್ಡಿ, ಒಂದು ಸೂಜಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಕೆರೆಗೆ ಇಳಿಯುವ ಮೊದಲು

ಊರೊಳಗಿನ ಕೆರೆಗಳಿಗೆ ಚರಂಡಿ ನೀರು ಸೇರುವುದುಂಟು. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಗಾಯವಿದ್ದರೆ ನೀರು ಮುಟ್ಟಲೇಬೇಡಿ. ನಮ್ಮ ಕಡೆಯ ಎರೆ ಮಣ್ಣಿನ ದಂಡೆ ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಒಬ್ಬರೇ ಹೋಗಬೇಡಿ. ಹಸಿರು ಪದರ ಮುಚ್ಚಿದ ಕಡೆ ಆಳ ತಿಳಿಯುವುದಿಲ್ಲ, ಮಕ್ಕಳಿಗೆ ಅದು ನೆಲದಂತೆ ಕಾಣುತ್ತದೆ. ಈ ಅಪಾಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಬಕೆಟ್ಟಿಗೆ ಹಗ್ಗ ಕಟ್ಟಿ ದಂಡೆಯಿಂದಲೇ ಎಳೆದುಕೊಳ್ಳಿ, ಒಂದು ಹಿಡಿ ಗಿಡ ಸಾಕು.

ಗದಗ ಜಿಲ್ಲೆಯ ಮಾಗಡಿ ಕೆರೆ ಸಂರಕ್ಷಿತ ಪ್ರದೇಶ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಚಳಿಗಾಲದಲ್ಲಿ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿಂದ ಒಂದು ಎಸಳನ್ನೂ ತರಬೇಡಿ.

"ನೀರು ಪೂರ್ತಿ ಹಸಿರಾಗಿದೆ, ಗಿಡವೋ ಪಾಚಿಯೋ ತಿಳಿಯುತ್ತಿಲ್ಲ"

ಎಲ್ಲಕ್ಕಿಂತ ಮೊದಲು ಇದನ್ನೇ ಬಗೆಹರಿಸಬೇಕು, ಯಾಕೆಂದರೆ ಇಲ್ಲಿ ಜೀವದ ಪ್ರಶ್ನೆ ಇದೆ.

ಕಡ್ಡಿಯನ್ನು ನೀರಿಗೆ ಅದ್ದಿ ಎತ್ತಿ. ನೂಲು ನೂಲಾಗಿ ಜೋತುಬಿದ್ದರೆ ಅದು ನೂಲು ಪಾಚಿ. ಬಿಡಿ ಬಿಡಿ ಬಿಲ್ಲೆಗಳೋ ಕಾಳುಗಳೋ ಅಂಟಿಕೊಂಡು ಬಂದರೆ ಗಿಡ. ಕಾಳು ಏನೂ ಸಿಗದೆ ಕಡ್ಡಿಗೆ ಬರೀ ಹಸಿರು ಬಣ್ಣ ಹತ್ತಿದರೆ ಎಚ್ಚರ, ಅದು ನೀಲಿ-ಹಸಿರು ಪಾಚಿ ಇರಬಹುದು. ಮೈಕ್ರೋಸಿಸ್ಟಿಸ್ ಎನ್ನುವುದು ಈ ಗುಂಪಿನ ಜೀವಿ.

ಗಟ್ಟಿ ಮಾಡಿಕೊಳ್ಳಲು ಗ್ಲೌಸ್ ಹಾಕಿಕೊಂಡು ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಹಸಿರೆಲ್ಲ ಮೇಲೆ ಬಂದು ಒಂದು ಪಟ್ಟಿ ಕಟ್ಟಿದ್ದರೆ ನೀಲಿ-ಹಸಿರು ಪಾಚಿಯ ಅನುಮಾನ ಬಲವಾಗುತ್ತದೆ. ಕೆಳಗೆ ಕೂತಿದ್ದರೆ ಅಥವಾ ಎಲ್ಲ ಕಡೆ ಹರಡಿದ್ದರೆ ಬೇರೆ ಪಾಚಿ ಇರುವ ಸಾಧ್ಯತೆ ಜಾಸ್ತಿ. ವೊಲ್ಫಿಯಾ ಎಂಬ ಗಿಡವೂ ಮೇಲೆಯೇ ತೇಲುತ್ತದೆ. ಆದರೆ ಅದನ್ನು ಬಿಳಿ ತಟ್ಟೆಗೆ ಹಾಕಿದರೆ ಒಂದೊಂದು ಕಾಳೂ ಬೇರೆ ಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಸೂಜಿಯಿಂದ ತಳ್ಳಿದರೆ ಕಾಳು ಉರುಳುತ್ತದೆ, ಬಣ್ಣ ಬಿಡುವುದಿಲ್ಲ.

ನೀಲಿ-ಹಸಿರು ಪಾಚಿ ಎಂದು ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ. ದನ, ಎಮ್ಮೆ, ನಾಯಿ ಯಾವುದನ್ನೂ ಆ ನೀರಿಗೆ ಬಿಡಬೇಡಿ. ಈ ಪಾಚಿಯ ಕೆಲವು ಬಗೆಗಳು ಯಕೃತ್ತಿಗೆ ಹೊಡೆತ ಕೊಡುವ ವಿಷ ಬಿಡುತ್ತವೆ, ದನಗಳು ಕುಡಿದು ಸಾಯುವುದುಂಟು. ಕುದಿಸಿದರೂ ಆ ವಿಷ ಹೋಗುವುದಿಲ್ಲ. ನೀರು ಕುಡಿದ ದನ ತೂರಾಡಿದರೆ, ಮೇವು ಬಿಟ್ಟು ಮಲಗಿದರೆ ಗಿಡದ ಹೆಸರು ಹುಡುಕುತ್ತ ಕೂರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

"ಅಜೋಲಾ ಹಾಕಿದ್ದೆ, ಈಗ ಬೇರೇನೋ ತುಂಬಿಕೊಂಡಿದೆ"

ತೊಟ್ಟಿ ಇಟ್ಟವರಿಂದ ಅತಿ ಹೆಚ್ಚು ಬರುವ ದೂರು ಇದು. "ಸರ, ಇದು ಅಜೋಲಾ ಹೌದಲ್ರೀ?" ಅಂತ ಕೇಳಿ ಒಂದು ಮುಷ್ಟಿ ಹಸಿರನ್ನು ತೋರಿಸುತ್ತಾರೆ. ನೋಡಿದರೆ ಎರಡು ಮೂರು ಜಾತಿ ಕಲೆತಿರುತ್ತವೆ.

ಬೇರೆ ಮಾಡುವುದು ಸುಲಭ. ಅಜೋಲಾ ಒಂದು ಜರಿಗಿಡ, ಅದಕ್ಕೆ ಹೂವೇ ಇಲ್ಲ. ಅದರಲ್ಲಿ ಕವಲೊಡೆಯುವ ಕಾಂಡ ಇರುತ್ತದೆ, ಕಾಂಡದ ಮೇಲೆ ಪುಟ್ಟ ಎಲೆಗಳು ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂತಿರುತ್ತವೆ. ಬೆರಳಿಂದ ಸವರಿದರೆ ಮೇಲ್ಮೈ ತರಿತರಿ. ನೀರು ಹನಿಸಿದರೆ ಅಂಟದೆ ಜಾರುತ್ತದೆ. ಡಕ್‌ವೀಡ್ ಗುಂಪಿನ ಗಿಡಗಳಲ್ಲಿ ಕಾಂಡ, ಎಲೆ ಎಂದು ಬೇರೆ ಬೇರೆ ಇಲ್ಲ. ಒಂದು ನುಣುಪಾದ ಹಸಿರು ಬಿಲ್ಲೆ, ಅದರ ಪಕ್ಕಕ್ಕೆ ಅಂಟಿಕೊಂಡ ಮರಿ ಬಿಲ್ಲೆ, ಅಷ್ಟೇ. ಸ್ಪೈರೊಡೆಲಾ, ಲ್ಯಾಂಡೋಲ್ಟಿಯಾ, ಲೆಮ್ನಾ, ವೊಲ್ಫಿಯಾ ಎಲ್ಲವೂ ಈ ಗುಂಪಿನವೇ.

ಡಕ್‌ವೀಡ್ ಬಂದದ್ದು ಎಲ್ಲಿಂದ ಎಂದು ಹುಡುಕಿದರೆ ಸಾಮಾನ್ಯವಾಗಿ ಬೀಜವಾಗಿ ತಂದ ಅಜೋಲಾದಲ್ಲೇ ಒಂದೆರಡು ಬಿಲ್ಲೆ ಇದ್ದಿರುತ್ತವೆ. ಕೆರೆಯ ನೀರು ತಂದು ಸುರಿದಾಗಲೂ ಬರುತ್ತದೆ, ಹಕ್ಕಿಯ ಕಾಲಿಗೆ ಅಂಟಿಯೂ ಬರುತ್ತದೆ. ಆದರೆ ಬಂದದ್ದು ಯಾಕೆ ಗೆದ್ದಿತು ಅನ್ನುವುದೇ ಮುಖ್ಯ. ಅಜೋಲಾದ ಎಲೆಯೊಳಗೆ ಒಂದು ನೀಲಿ-ಹಸಿರು ಜೀವಿ ವಾಸವಾಗಿದೆ. ಅದು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. (ಇದು ವಿಷ ಬಿಡುವ ಕೆರೆಯ ಪಾಚಿಯಲ್ಲ, ಗಾಬರಿ ಬೇಡ.) ಹಾಗಾಗಿ ನೀರಿನಲ್ಲಿ ಸಾರಜನಕ ಕಡಿಮೆ ಇದ್ದರೂ ಅಜೋಲಾ ಬೆಳೆಯುತ್ತದೆ. ಡಕ್‌ವೀಡಿಗೆ ಈ ಅನುಕೂಲ ಇಲ್ಲ, ಅದು ನೀರಿನಲ್ಲಿದ್ದದ್ದನ್ನೇ ಹೀರಬೇಕು. ಸಗಣಿ ಜಾಸ್ತಿ ಸುರಿದರೆ, ಯೂರಿಯಾ ಹಾಕಿದರೆ, ಕೊಟ್ಟಿಗೆಯ ಗಂಜಲ ಹರಿದು ಬಂದರೆ ಅಜೋಲಾದ ಮೇಲುಗೈ ಹೋಗುತ್ತದೆ. ತೊಟ್ಟಿ ಬಿಲ್ಲೆಮಯವಾಗುವುದು ನೀರಿಗೆ ಸಾರಜನಕ ಮಿತಿಮೀರಿರುವುದರ ಗುರುತು.

ಸರಿಮಾಡುವ ದಾರಿ: ತೊಟ್ಟಿ ಖಾಲಿ ಮಾಡಿ, ಮಣ್ಣು ಬದಲಿಸಿ, ತೊಟ್ಟಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ತೊಳೆದು ಬಿಸಿಲಿಗೆ ಒಣಗಿಸಿ. ಒಳ್ಳೆಯ ಅಜೋಲಾವನ್ನು ಬಕೆಟ್ ನೀರಿನಲ್ಲಿ ಕೆಲವು ಸಲ ತೊಳೆದು, ಬಿಳಿ ತಟ್ಟೆಯಲ್ಲಿ ಹರಡಿ, ಬಿಲ್ಲೆಗಳನ್ನು ಕೈಯಿಂದ ಆರಿಸಿ ತೆಗೆಯಿರಿ. ಬೇಸರದ ಕೆಲಸ ಹೌದು. ಆದರೆ ಇಲ್ಲಿ ಒಂದು ಬಿಲ್ಲೆ ಉಳಿದರೂ ಕೆಲವೇ ವಾರಗಳಲ್ಲಿ ಮತ್ತೆ ಅದೇ ಕತೆ. ಆಮೇಲೆ ಸಗಣಿ ಅಳತೆಯಲ್ಲಿರಲಿ. ಸುಮಾರು ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತೊಟ್ಟಿಗೆ ಶುರುವಿನಲ್ಲಿ 2 ಕಿಲೋ ಸಗಣಿ, 30 ಗ್ರಾಂ ಸೂಪರ್ ಫಾಸ್ಫೇಟ್ (ರಂಜಕದ ಗೊಬ್ಬರ) ಹಾಕುವುದು ರೂಢಿ. ನಂತರ ಐದು ದಿನಕ್ಕೊಮ್ಮೆ ಸುಮಾರು 1 ಕಿಲೋ ಸಗಣಿ, 20 ಗ್ರಾಂ ಸೂಪರ್ ಫಾಸ್ಫೇಟ್ ಸಾಕು.

ಆರಿಸಿ ತೆಗೆದ ಡಕ್‌ವೀಡನ್ನು ಏನು ಮಾಡುವುದು? ಶುದ್ಧ ನೀರಿನ ತೊಟ್ಟಿಯದಾದರೆ ತೊಳೆದು ಕೋಳಿಗೆ ಹಾಕಬಹುದು, ಅದರಲ್ಲೂ ಪ್ರೋಟೀನ್ ಚೆನ್ನಾಗಿದೆ. ಚರಂಡಿ ಸೇರುವ ಕೆರೆಯದನ್ನು ಮಾತ್ರ ಯಾವ ಪ್ರಾಣಿಗೂ ಹಾಕಬೇಡಿ. ಅಜೋಲಾ, ಡಕ್‌ವೀಡ್ ಎರಡೂ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಮೈಯಲ್ಲಿ ಇಟ್ಟುಕೊಳ್ಳುತ್ತವೆ.

"ಅಜೋಲಾ ಕೆಂಪಾಗಿದೆ, ಬೇರೆ ಜಾತಿ ಬಂತಾ?"

ಇಲ್ಲ. ಅಜೋಲಾದ ಹಲವು ಜಾತಿಗಳು ಕಷ್ಟ ಬಂದಾಗ ಕೆಂಪಾಗುತ್ತವೆ. ಕಾರಣ ಹುಡುಕಿ. ನೇರ ಬಿಸಿಲು ಬೀಳುತ್ತಿದ್ದರೆ ನೆರಳು ಮಾಡಿ, ಒಂದು ವಾರ ನೋಡಿ. ಖರ್ಚಿಲ್ಲದ ಪರೀಕ್ಷೆ ಇದೇ. ಡಿಸೆಂಬರ್, ಜನವರಿಯ ಧಾರವಾಡದ ಚಳಿಯಲ್ಲೂ ಕೆಂಪು ಬರುತ್ತದೆ, ಬಿಸಿಲೇರಿದ ಮೇಲೆ ತಾನಾಗಿ ಹೋಗುತ್ತದೆ. ನೆರಳೂ ಇದೆ, ಚಳಿಯೂ ಇಲ್ಲ, ಆದರೂ ಕೆಂಪು ಅಂದರೆ ಒಂದು ಗಿಡ ಎತ್ತಿ ಬೇರು ನೋಡಿ. ಗಿಡ ಸಣ್ಣಗಾಗಿ, ಬೇರು ಮಾತ್ರ ಉದ್ದಕ್ಕೆ ಬೆಳೆದು ಸುರುಳಿಯಾಗಿದ್ದರೆ ರಂಜಕದ ಕೊರತೆ. ಸೂಪರ್ ಫಾಸ್ಫೇಟ್ ಕೊಡಿ.

ಕಂದು ಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಬಂದರೆ ಅದು ಬೇರೆ ವಿಷಯ. ಗಿಡ ಕಿಕ್ಕಿರಿದು ಶಿಲೀಂಧ್ರ ಹತ್ತಿರಬಹುದು, ಹುಳ ಬಿದ್ದಿರಬಹುದು. ಅದನ್ನು ದನಕ್ಕೆ ಹಾಕಬೇಡಿ. ಕೀಟನಾಶಕ ಹೊಡೆದ ತೊಟ್ಟಿಯದ್ದನ್ನೂ ಹಾಕಬೇಡಿ.

"ಅಜೋಲಾ ಅನ್ನುವುದು ಖಾತ್ರಿ, ಯಾವ ಅಜೋಲಾ?"

ನಮ್ಮ ನೆಲದ ಜಾತಿ ಅಜೋಲಾ ಪಿನ್ನಾಟಾ. ಮೇಲಿಂದ ನೋಡಿದರೆ ತ್ರಿಕೋನ, ನಡುವಿನ ಕಾಂಡದ ಎರಡೂ ಬದಿಗೆ ಕವಲುಗಳು ಸಾಲಾಗಿ ಹೊರಡುತ್ತವೆ, ಬುಡದ ಕಡೆಯವು ಉದ್ದ, ತುದಿಯ ಕಡೆಯವು ಗಿಡ್ಡ. ಗಾಜಿನ ಲೋಟದಲ್ಲಿ ಹಾಕಿ ಪಕ್ಕದಿಂದ ನೋಡಿ. ಅದರ ಬೇರಿಗೆ ಸುತ್ತಲೂ ನವಿರಾದ ಎಳೆಗಳಿದ್ದು ಬೇರು ಪುಕ್ಕದಂತೆ ಕಾಣುತ್ತದೆ. ಮೇವಿಗೆಂದು ಹಂಚುವ ಅಜೋಲಾ ಮೈಕ್ರೋಫಿಲಾ, ಕ್ಯಾರೊಲಿನಿಯಾನಾ ಮೊದಲಾದವು ಅಮೆರಿಕದ ಕಡೆಯ ಗುಂಪಿನವು. ಅವುಗಳಲ್ಲಿ ಈ ಅಚ್ಚುಕಟ್ಟಾದ ತ್ರಿಕೋನ ಇರುವುದಿಲ್ಲ.

ಆ ಅಮೆರಿಕದ ಜಾತಿಗಳನ್ನು ಒಂದರಿಂದ ಒಂದು ಬೇರ್ಪಡಿಸಲು ಮನೆಯಲ್ಲಿ ಆಗುವುದಿಲ್ಲ. ಎಲೆಯ ಮೇಲಿನ ಸೂಕ್ಷ್ಮ ರೋಮ ಒಂದು ಕೋಶದ್ದೋ ಎರಡರದ್ದೋ, ಬೀಜಕಗಳ ಮೇಲಿನ ಕೊಕ್ಕೆಗಳಲ್ಲಿ ಅಡ್ಡಗೋಡೆ ಇದೆಯೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಮೇವಿನ ಮಟ್ಟಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ.

"ಬಿಲ್ಲೆ ಬಿಲ್ಲೆಯಾಗಿವೆ, ಹೆಸರೇನು?"

ಈಗ ಬೇರು ಎಣಿಸುವ ಕೆಲಸ. ಒಂದೇ ಬಿಲ್ಲೆ ಎಣಿಸಿ ತೀರ್ಮಾನ ಮಾಡಬೇಡಿ. ಬೇರೆ ಬೇರೆ ಕಡೆಯಿಂದ ಹತ್ತು ಬಲಿತ ಬಿಲ್ಲೆಗಳನ್ನು ಆರಿಸಿ, ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ, ಸೂಜಿಯ ತುದಿಯಿಂದ ಒಂದೊಂದನ್ನೇ ಮಗುಚಿ. ಜರಡಿಯಲ್ಲಿ ಉಜ್ಜಿದರೆ ಬೇರು ಕಿತ್ತುಹೋಗುತ್ತದೆ, ಮೆಲ್ಲಗೆ. ಅಂಟಿಕೊಂಡ ಮರಿಯ ಬೇರನ್ನು ತಾಯಿಯ ಲೆಕ್ಕಕ್ಕೆ ಸೇರಿಸಬೇಡಿ. ಒಂದೇ ಬೇರಿನ ಲೆಮ್ನಾ ಎರಡು ಬೇರಿನದಾಗಿ ಕಾಣುವುದು ಇದರಿಂದಲೇ.

ಬಿಲ್ಲೆ ದೊಡ್ಡದು, 5ರಿಂದ 10 ಮಿಲಿಮೀಟರ್, ಹೆಚ್ಚುಕಡಿಮೆ ದುಂಡಗೆ. ಮಗುಚಿದರೆ ಅಡಿಭಾಗ ಕಡು ನೇರಳೆಗೆಂಪು. ನಡುವಿನ ಒಂದೇ ಬಿಂದುವಿನಿಂದ ಏಳೆಂಟು, ಕೆಲವೊಮ್ಮೆ ಹದಿನೈದು ಇಪ್ಪತ್ತು ಬೇರು ಗೊಂಚಲಾಗಿ ಇಳಿದಿರುತ್ತವೆ. ಬೆಳಕಿಗೆ ಹಿಡಿದರೆ ಅದೇ ಬಿಂದುವಿನಿಂದ ನರಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿವೆ. ಇದು ಸ್ಪೈರೊಡೆಲಾ ಪಾಲಿರೈಜಾ. ಡಕ್‌ವೀಡಿನಲ್ಲೇ ಇದು ದೊಡ್ಡದು, ಒಮ್ಮೆ ಮಗುಚಿ ನೋಡಿದವರು ಮತ್ತೆ ಮರೆಯುವುದಿಲ್ಲ.

ಬಿಲ್ಲೆ ಅದಕ್ಕಿಂತ ಸಣ್ಣದು, ಅಗಲಕ್ಕಿಂತ ಉದ್ದ ಜಾಸ್ತಿ, ಬೇರು ಎರಡರಿಂದ ಏಳು, ಅಡಿ ಕೆಂಪಾಗಿದ್ದರೆ ಲ್ಯಾಂಡೋಲ್ಟಿಯಾ ಪಂಕ್ಟಾಟಾ. ಹಳೆಯ ಪುಸ್ತಕಗಳಲ್ಲಿ ಇದೂ ಸ್ಪೈರೊಡೆಲಾವೇ. 1999ರಲ್ಲಿ ಇದನ್ನು ಬೇರೆ ಮಾಡಿ, ಈ ಗಿಡಗಳಿಗೇ ಜೀವನ ಮುಡಿಪಿಟ್ಟ ಸ್ವಿಸ್ ಸಸ್ಯವಿಜ್ಞಾನಿ ಎಲಿಯಾಸ್ ಲ್ಯಾಂಡೋಲ್ಟ್ ಹೆಸರು ಇಟ್ಟರು. ಕಾಲೇಜಿನ ಹಳೆಯ ಕೈಪಿಡಿ ಇಟ್ಟುಕೊಂಡು ಗುರುತಿಸುವವರು ಇಲ್ಲಿ ಎಡವುತ್ತಾರೆ. ಡಕ್‌ವೀಡಿನ ಕುಟುಂಬವೂ ಹಳೆಯ ಪುಸ್ತಕದಲ್ಲಿ ಲೆಮ್ನೇಸಿ, ಈಗ ಕೆಸುವಿನ ಕುಟುಂಬವಾದ ಅರೇಸಿಯೊಳಗೆ ಸೇರಿಸುತ್ತಾರೆ.

ಪ್ರತಿ ಬಿಲ್ಲೆಗೂ ಒಂದೇ ಬೇರು ಇದ್ದರೆ ಲೆಮ್ನಾ. ಅಡಿ ಕೆಂಪಿದೆ ಎಂದು ಸ್ಪೈರೊಡೆಲಾ ಅನ್ನಬೇಡಿ. ಲೆಮ್ನಾದಲ್ಲೂ ಕೆಲವು ಕೆಂಪಾಗುತ್ತವೆ. ಬಣ್ಣಕ್ಕೂ ಬೇರಿನ ಎಣಿಕೆಗೂ ತಾಳೆಯಾಗದಿದ್ದರೆ ಬೇರನ್ನೇ ನಂಬಿ.

"ಬೇರು ಒಂದೇ, ಆದರೆ ಯಾವ ಲೆಮ್ನಾ?"

ಕಷ್ಟದ ಭಾಗ ಇದು. ಯಾವುದೇ ಸಣ್ಣ ಬಿಲ್ಲೆ ಕಂಡರೂ ಲೆಮ್ನಾ ಮೈನರ್ ಎಂದು ಬರೆದುಬಿಡುವ ರೂಢಿ ನಮ್ಮಲ್ಲಿದೆ, ಯಾಕೆಂದರೆ ಪಠ್ಯದಲ್ಲಿ ಇರುವ ಚಿತ್ರ ಅದೇ. ನಮ್ಮಂಥ ಬೆಚ್ಚಗಿನ ಸೀಮೆಯಲ್ಲಿ ಮೊದಲು ಅನುಮಾನಪಡಬೇಕಾದದ್ದು ಲೆಮ್ನಾ ಈಕ್ವಿನಾಕ್ಟಿಯಾಲಿಸ್. ಮೇಲಿಂದ ನೋಡಿದರೆ ಇವೆರಡೂ ಒಂದೇ, ಎರಡರಲ್ಲೂ ಮೂರು ನರ.

ಬೇರಿನ ಎರಡು ತುದಿ ನೋಡಿ. ಕೆಳತುದಿಗೆ ಟೋಪಿಯಂಥ ಒಂದು ಹೊದಿಕೆ ಇರುತ್ತದೆ. ಈಕ್ವಿನಾಕ್ಟಿಯಾಲಿಸ್‌ನಲ್ಲಿ ಅದು ಚೂಪು, ಮೈನರ್‌ನಲ್ಲಿ ಸಾಮಾನ್ಯವಾಗಿ ಮೊಂಡು. ಭೂತಗನ್ನಡಿಯಲ್ಲೇ ಇದು ಕಾಣುತ್ತದೆ, ಆದರೆ ಎಳೆಯ ಬೇರು ಮೋಸ ಮಾಡಬಹುದು. ಗಟ್ಟಿ ಗುರುತು ಇರುವುದು ಮೇಲ್ತುದಿಯಲ್ಲಿ, ಬೇರು ಬಿಲ್ಲೆಯಿಂದ ಹೊರಡುವ ಜಾಗದಲ್ಲಿ. ಅಲ್ಲಿ ಬೇರನ್ನು ಒಂದು ಪುಟ್ಟ ಕೊಳವೆ ಸುತ್ತಿಕೊಂಡಿರುತ್ತದೆ. ಈಕ್ವಿನಾಕ್ಟಿಯಾಲಿಸ್‌ನಲ್ಲಿ ಆ ಕೊಳವೆಯ ಎರಡು ಬದಿಗೆ ತೆಳ್ಳನೆಯ ರೆಕ್ಕೆ ಚಾಚಿರುತ್ತದೆ. ಮೈನರ್‌ನಲ್ಲಿ ರೆಕ್ಕೆ ಇಲ್ಲ, ಕೊಳವೆ ಬೋಳು. ಇದಕ್ಕೆ ಸೂಕ್ಷ್ಮದರ್ಶಕ ಬೇಕು, ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯೇ ಸಾಕು. ಬಿಲ್ಲೆಯನ್ನು ಮಗುಚಿ, ಬೇರನ್ನು ಒಂದು ಬದಿಗೆ ಬಾಗಿಸಿ, ಬೆಳಕನ್ನು ತಗ್ಗಿಸಿ ನೋಡಿ. ಬೆಳಕು ಜಾಸ್ತಿಯಾದರೆ ಆ ತೆಳು ರೆಕ್ಕೆ ಕಾಣುವುದೇ ಇಲ್ಲ.

ಬಿಲ್ಲೆಯ ಅಡಿ ಉಬ್ಬಿಕೊಂಡು, ಒಳಗೆ ಗಾಳಿ ತುಂಬಿದ ದೊಡ್ಡ ಕೋಣೆಗಳು ಕಂಡರೆ ಲೆಮ್ನಾ ಗಿಬ್ಬಾ. ತೊಂದರೆ ಏನೆಂದರೆ ಅದು ಎಲ್ಲ ಕಾಲದಲ್ಲೂ ಉಬ್ಬುವುದಿಲ್ಲ. ಚಪ್ಪಟೆ ಇದ್ದಾಗ ಮೈನರ್‌ನಿಂದ ಬೇರೆ ಮಾಡುವುದು ಪಳಗಿದವರಿಗೂ ಕಷ್ಟ. ಆಗ "ಲೆಮ್ನಾ, ಜಾತಿ ಖಾತ್ರಿಯಿಲ್ಲ" ಎಂದು ಬರೆಯಿರಿ. ತಪ್ಪು ಹೆಸರಿಗಿಂತ ಅರ್ಧ ಹೆಸರು ಎಷ್ಟೋ ಮೇಲು.

"ಒಂದು ಬೇರೂ ಇಲ್ಲ"

ಬೇರು ಇಲ್ಲದ್ದೆಲ್ಲ ವೊಲ್ಫಿಯಾ ಅಲ್ಲ. ಮೊದಲು ಬೇರು ಉದುರಿದೆಯೇ ನೋಡಿ. ಬಿಸಿಲಿಗೆ, ಒರಟು ಕೈಗೆ ಸಿಕ್ಕ ಲೆಮ್ನಾ ಬೇರು ಕಳೆದುಕೊಂಡಿರುತ್ತದೆ. ಸ್ಪೈರೊಡೆಲಾ ನೀರಿನ ಸಾರ ಕಡಿಮೆಯಾದಾಗ, ಚಳಿಯಾದಾಗ ಸಣ್ಣ ದುಂಡನೆಯ ಕಂದುಹಸಿರು ಮೊಗ್ಗು ಬಿಡುತ್ತದೆ. ಅದಕ್ಕೂ ಬೇರಿಲ್ಲ. ಆದರೆ ಅದು ತಟ್ಟೆಯಾಕಾರ, ನೀರಿಗೆ ಹಾಕಿದರೆ ತಳಕ್ಕೆ ಮುಳುಗುತ್ತದೆ.

ವೊಲ್ಫಿಯಾ ಬಿಲ್ಲೆಯಲ್ಲ, ಉಬ್ಬಿದ ಕಾಳು. ಅಂಗೈಗೆ ತೆಗೆದುಕೊಂಡರೆ ರವೆಯಷ್ಟೇ ಇರುತ್ತದೆ, ಕೆಲವು ಅದಕ್ಕಿಂತಲೂ ಸಣ್ಣ. ಹೂಬಿಡುವ ಗಿಡಗಳಲ್ಲೇ ಜಗತ್ತಿನಲ್ಲಿ ಅತಿ ಸಣ್ಣದು ಇದೇ ಕುಲ. ಒಂದು ಮಿಲಿಮೀಟರಿಗಿಂತ ಸಣ್ಣದು, ತಿಳಿ ಹಸಿರು, ಮೇಲ್ಭಾಗವೂ ಉಬ್ಬು ಇದ್ದರೆ ವೊಲ್ಫಿಯಾ ಗ್ಲೋಬೋಸಾ ಎಂದು ಊಹಿಸಬಹುದು. ಸ್ವಲ್ಪ ದೊಡ್ಡದು, ಮೇಲ್ಭಾಗ ಚಪ್ಪಟೆ, ಕಡು ಹಸಿರು ಇದ್ದರೆ ವೊಲ್ಫಿಯಾ ಅರೈಜಾ. ಚಪ್ಪಟೆ ಮೇಲ್ಭಾಗದ ಕೆಳಗೆ ಬಾಲದಂತೆ ಒಂದು ತುದಿ ಇಳಿದಿದ್ದರೆ ವೊಲ್ಫಿಯಾ ಮೈಕ್ರೋಸ್ಕೋಪಿಕಾ. ಇದು ನಮ್ಮ ದೇಶದ ಕಡೆಯದೇ ಜಾತಿ, ಆ ಬಾಲ ನೋಡಿ ಬೇರು ಎಂದು ಲೆಮ್ನಾಕ್ಕೆ ಸೇರಿಸಬೇಡಿ. ಥಾಯ್ಲೆಂಡಿನಲ್ಲಿ ವೊಲ್ಫಿಯಾವನ್ನು ಬೆಳೆಸಿ ತಿನ್ನುತ್ತಾರೆ ಎಂದು ಓದಿ ನಮ್ಮ ಕೆರೆಯದನ್ನು ಬಾಯಿಗೆ ಹಾಕಿಕೊಳ್ಳುವುದು ಮಾತ್ರ ಬೇಡ.

"ಎಲೆಯ ಮೇಲೆ ರೋಮ ಇದೆ"

ಬರಿಗಣ್ಣಿಗೇ ಕಾಣುವ ರೋಮವಾದರೆ ಅದು ಈ ಗುಂಪೇ ಅಲ್ಲ. ಜೋಡಿ ಎಲೆ, ಮೇಲೆ ಸಾಲು ಸಾಲು ರೋಮ ಇದ್ದರೆ ಸಾಲ್ವಿನಿಯಾ. ಹೂವಿನಂತೆ ಸುತ್ತ ಜೋಡಿಸಿದ ಮೆತ್ತನೆಯ ಎಲೆಗಳಾದರೆ ಅಂತರಗಂಗೆಯ ಸಸಿ. ಇವೆರಡೂ ಕೆರೆಯನ್ನೇ ಮುಚ್ಚಬಲ್ಲವು. ಮೀನಿನ ತೊಟ್ಟಿಯಿಂದ ತೆಗೆದ ಯಾವ ಗಿಡವನ್ನೂ ಕೆರೆಗೆ, ನಾಲೆಗೆ ಎಸೆಯಬೇಡಿ. ಒಣಗಿಸಿ ಗೊಬ್ಬರಕ್ಕೆ ಹಾಕಿ.

"ಎಲ್ಲ ನೋಡಿದೆ, ಇನ್ನೂ ತಾಳೆಯಾಗ್ತಿಲ್ಲ"

ಹೆಚ್ಚಿನ ಸಲ ಕಾರಣ ಇಷ್ಟೇ: ನಿಮ್ಮ ತಟ್ಟೆಯಲ್ಲಿ ಎರಡು ಜಾತಿ ಇವೆ ಅಥವಾ ಗಿಡ ಸೊರಗಿದೆ. ಎರಡಕ್ಕೂ ಮದ್ದು ಒಂದೇ. ಒಂದೇ ಒಂದು ಬಿಲ್ಲೆಯನ್ನು ಶುದ್ಧ ನೀರಿನಲ್ಲಿ ತೊಳೆದು, ಮಳೆನೀರು ತುಂಬಿದ ಲೋಟಕ್ಕೆ ಬಿಡಿ. ಸೋಸಿದ ಸಗಣಿ ತಿಳಿಯನ್ನು ಕೆಲವು ಹನಿ ಹಾಕಿ. ಬೆಳಕಿರುವ, ನೇರ ಬಿಸಿಲಿಲ್ಲದ ಕಿಟಕಿಯಲ್ಲಿ ಇಡಿ. ಸೊಳ್ಳೆ ಮೊಟ್ಟೆ ಇಡದಂತೆ ಮೇಲೆ ತೆಳು ಬಟ್ಟೆ ಕಟ್ಟಿ. ಇವು ಅನುಕೂಲ ಸಿಕ್ಕರೆ ಎರಡು ಮೂರು ದಿನಕ್ಕೆ ದುಪ್ಪಟ್ಟಾಗುತ್ತವೆ, ಹದಿನೈದು ದಿನದಲ್ಲಿ ನೋಡಲು ಬೇಕಾದಷ್ಟು ಸಿಗುತ್ತವೆ. ಅವೆಲ್ಲ ಒಂದೇ ತಾಯಿಯ ಮರಿಗಳು. ಅವುಗಳ ನಡುವೆ ಕಾಣುವ ಹೆಚ್ಚುಕಡಿಮೆ ಜಾತಿಯದಲ್ಲ ಎಂದು ಖಾತ್ರಿಯಾಗಿ ತಿಳಿಯುತ್ತದೆ. ಗುರುತಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದಾದ ಮೇಲೂ ಗೊಂದಲ ಉಳಿದರೆ ಪಳಗಿದವರ ಹತ್ತಿರ ಹೋಗಿ. ಮೇವಿನ ತೊಟ್ಟಿಯ ತೊಂದರೆಯಾದರೆ ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಜಾತಿಯ ಹೆಸರೇ ಬೇಕಿದ್ದರೆ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ. ಲೆಮ್ನಾ, ವೊಲ್ಫಿಯಾಗಳಲ್ಲಿ ಕೆಲವನ್ನು ಡಿಎನ್‌ಎ ನೋಡಿಯೇ ಬೇರೆ ಮಾಡುತ್ತಾರೆ. ಅದರಲ್ಲೂ ಹಸಿರುಕಣದ (ಕ್ಲೋರೋಪ್ಲಾಸ್ಟ್) ಡಿಎನ್‌ಎ ಮಾತ್ರ ನೋಡಿದರೆ ಎರಡು ಜಾತಿ ಬೆರೆತು ಹುಟ್ಟಿದ ಮಿಶ್ರತಳಿ ಗೊತ್ತಾಗುವುದಿಲ್ಲ.

ಹೋಗುವಾಗ ಜೀವಂತ ಗಿಡವನ್ನು ಅದರದೇ ನೀರಿನ ಸಮೇತ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಡಬ್ಬಿ ಪೂರ್ತಿ ತುಂಬಬೇಡಿ, ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಬಿಡಬೇಡಿ. ಇನ್ನೊಂದಿಷ್ಟನ್ನು ಸ್ಪಿರಿಟ್ ತುಂಬಿದ ಸಣ್ಣ ಬಾಟಲಿಯಲ್ಲಿ ಇಡಿ. ಚೀಟಿಯಲ್ಲಿ ತಾರೀಕು, ಊರು, ಕೆರೆಯೋ ತೊಟ್ಟಿಯೋ, ಬಿಸಿಲೋ ನೆರಳೋ ಬರೆಯಿರಿ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ನಿನ ಮಸಿ ಸ್ಪಿರಿಟ್‌ಗೆ ಕರಗಿಹೋಗುತ್ತದೆ. ಫೋಟೋ ಕಳಿಸುವುದಾದರೆ ಮೇಲಿಂದ ಒಂದು, ಮಗುಚಿ ಒಂದು, ಪಕ್ಕದಲ್ಲಿ ಮಿಲಿಮೀಟರ್ ಗೆರೆಯ ಅಳತೆಪಟ್ಟಿ ಇರಲಿ.